ಹೊಟ್ಟೆಯೂ ನಾಲಿಗೆಯೂ ಒಪ್ಪುವ ಸಸ್ಯಾಹಾರ

## ಸಸ್ಯಾಹಾರ ಮತ್ತು ವೀಗನ್ ಆಹಾರ

ಮಾಂಸ, ಮೀನು, ಮೊಟ್ಟೆಗಳನ್ನು ಬಿಟ್ಟು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಸೇವಿಸುವ ಪದ್ಧತಿಗೆ ಭಾರತದಲ್ಲಿ ಸಾಮಾನ್ಯವಾಗಿ ಸಸ್ಯಾಹಾರ ಎಂಬ ಹೆಸರಿದೆ. ಹಾಲು, ಮೊಸರು, ತುಪ್ಪ, ಜೇನುತುಪ್ಪ ಸೇರಿದಂತೆ ಪ್ರಾಣಿಮೂಲದ ಯಾವ ಪದಾರ್ಥವನ್ನೂ ಬಳಸದ ಆಹಾರವೇ ವೀಗನ್ ಆಹಾರ. ಈ ಹೆಸರು ಬಳಕೆಗೆ ಬಂದದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೀಗನ್ ಸೊಸೈಟಿಯನ್ನು ಸ್ಥಾಪಿಸಿದಾಗ. ಭಾರತದಲ್ಲಿ ವೀಗನ್ ಆಹಾರಗಳಿಗೆಂದೇ ಪ್ರತ್ಯೇಕ ನಿಯಮಾವಳಿ 2022ರಲ್ಲಿ ರೂಪುಗೊಂಡಿತು.

ಹೆಸರು ಈಚಿನದು, ಊಟ ಮಾತ್ರ ಹಳೆಯದು. ರಾಗಿಮುದ್ದೆ ಮತ್ತು ಬಸ್ಸಾರು, ಜೋಳದ ರೊಟ್ಟಿ ಮತ್ತು ಎಣ್ಣೆಗಾಯಿ, ಇಡ್ಲಿ ಮತ್ತು ಕಾಯಿಚಟ್ನಿ, ನೀರುದೋಸೆ, ಪುಳಿಯೋಗರೆ, ಪತ್ರೊಡೆ ಇವೆಲ್ಲ ತುಪ್ಪ ಬೆಣ್ಣೆಗಳ ಸೋಂಕಿಲ್ಲದೆಯೇ ಪೂರ್ಣವಾಗುವ ತಿನಿಸುಗಳು. ತರಕಾರಿಯ ಊಟದಲ್ಲಿ ಹೊಟ್ಟೆ ತುಂಬುವುದಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಆ ದೂರಿನ ಮೂಲ ಸಸ್ಯಾಹಾರದಲ್ಲಿಲ್ಲ, ತಟ್ಟೆಯಲ್ಲಿ ಕಾಳಿಗೆ ಸಿಕ್ಕಿರುವ ಜಾಗದಲ್ಲಿದೆ.

## ತೃಪ್ತಿ ಎಂದರೇನು

ಊಟವಾದ ಮೇಲೆ ಹಸಿವು ಎಷ್ಟು ಹೊತ್ತು ಮರಳಿ ಬರುವುದಿಲ್ಲ ಎಂಬುದನ್ನು ಹಲವು ಅಂಶಗಳು ನಿರ್ಧರಿಸುತ್ತವೆ. ಅವುಗಳಲ್ಲಿ ಪ್ರೋಟೀನಿನ ಪಾತ್ರ ದೊಡ್ಡದು. ನಾರು ನೀರನ್ನು ಹೀರಿ ಹಿಗ್ಗಿ ಜೀರ್ಣಕ್ರಿಯೆಯನ್ನು ನಿಧಾನಗೊಳಿಸುತ್ತದೆ. ಕೊಬ್ಬು ಜಠರ ಬೇಗ ಬರಿದಾಗದಂತೆ ನೋಡಿಕೊಳ್ಳುತ್ತದೆ. ಅಗಿಯುವ ಕೆಲಸಕ್ಕೂ ಇಲ್ಲಿ ಬೆಲೆಯಿದೆ. ಮೆತ್ತಗಿನ ಅನ್ನ ಮತ್ತು ತಿಳಿಸಾರು ಐದು ನಿಮಿಷದಲ್ಲಿ ಮುಗಿಯುವ ಊಟ. ಖಟಿ ರೊಟ್ಟಿ ಮತ್ತು ಮೊಳಕೆಕಾಳಿನ ಪಲ್ಯ ಹಾಗಲ್ಲ.

ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ತೂಕದ ವ್ಯಕ್ತಿಗೆ ಇದು ಸುಮಾರು 54 ಗ್ರಾಂ. ಒಣ ತೊಗರಿಬೇಳೆಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ಒಬ್ಬರ ಪಾಲಿನ ಸಾರಿಗೆ ಬೀಳುವ ಬೇಳೆ 25 ಗ್ರಾಂ ಮೀರುವುದು ಅಪರೂಪ. ಅಂದರೆ ಸಿಗುವುದು ಐದೂವರೆ ಗ್ರಾಂ ಪ್ರೋಟೀನ್ ಅಷ್ಟೇ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ, ಅರುವತ್ತು ಗ್ರಾಂ ಒಣಕಾಳಿನಿಂದಾದ ಪಲ್ಯ, ಇಪ್ಪತ್ತು ಗ್ರಾಂ ಶೇಂಗಾದ ಚಟ್ನಿ ಒಟ್ಟುಗೂಡಿದರೆ ಒಂದೇ ಹೊತ್ತಿಗೆ ಸುಮಾರು 25 ಗ್ರಾಂ ದೊರೆಯುತ್ತದೆ. ಎರಡೂ ಊಟಗಳಲ್ಲಿ ಮಾಂಸವೂ ಇಲ್ಲ, ಹಾಲೂ ಇಲ್ಲ. ವ್ಯತ್ಯಾಸವೆಲ್ಲ ಕಾಳಿನ ಪ್ರಮಾಣದ್ದು.

## ಧಾನ್ಯ ಮತ್ತು ಕಾಳಿನ ಜೋಡಿ

ಪ್ರೋಟೀನುಗಳು ಅಮೈನೋ ಆಮ್ಲಗಳಿಂದ ಕಟ್ಟಲ್ಪಟ್ಟಿವೆ. ಅವುಗಳಲ್ಲಿ ಒಂಬತ್ತನ್ನು ಮಾನವದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಅಕ್ಕಿ, ಗೋಧಿ, ಜೋಳಗಳಲ್ಲಿ ಲೈಸೀನ್ ಕಡಿಮೆ. ಬೇಳೆಕಾಳುಗಳಲ್ಲಿ ಲೈಸೀನ್ ಧಾರಾಳವಾಗಿದ್ದು ಮೆಥಿಯೋನೀನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ಬೆರೆಸಬೇಕಾಗಿಲ್ಲ, ದಿನದ ಆಹಾರದಲ್ಲಿ ಎರಡೂ ಇದ್ದರೆ ಸಾಕು.

ಅಡುಗೆಮನೆ ಈ ಜೋಡಿಯನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಇಡ್ಲಿಯಲ್ಲಿ ಅಕ್ಕಿ ಮತ್ತು ಉದ್ದು, ಬಿಸಿಬೇಳೆಬಾತಿನಲ್ಲಿ ಅಕ್ಕಿ ಮತ್ತು ತೊಗರಿ, ಹುಗ್ಗಿಯಲ್ಲಿ ಅಕ್ಕಿ ಮತ್ತು ಹೆಸರು, ಹೋಳಿಗೆಯಲ್ಲಿ ಗೋಧಿ ಮತ್ತು ಕಡಲೆ ಜೊತೆಗೂಡಿವೆ.

## ಕಾಳು ಬೇಯುವ ಬಗೆ

ಅರೆಬೆಂದ ಕಾಳು ಇಡೀ ಊಟವನ್ನೇ ಕೆಡಿಸುತ್ತದೆ. ಆದ್ದರಿಂದ ಬೇಯಿಸುವ ಕ್ರಮವನ್ನು ಸರಿಯಾಗಿ ತಿಳಿಯಬೇಕು. ಇಡಿಕಾಳನ್ನು ಎಂಟರಿಂದ ಹತ್ತು ಗಂಟೆ ನೆನೆಸಿದರೆ ನೀರು ಒಳತಿರುಳಿನವರೆಗೆ ಇಳಿಯುತ್ತದೆ. ನೆನೆಸುವ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಸಿಪ್ಪೆ ಬೇಗ ಮೆದುವಾಗುತ್ತದೆ. ಸಿಪ್ಪೆಯ ಪೆಕ್ಟಿನ್ ಅಂಶವನ್ನು ಬಿಗಿಹಿಡಿದಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಜಾಗವನ್ನು ಉಪ್ಪಿನ ಸೋಡಿಯಂ ಆಕ್ರಮಿಸುವುದೇ ಇದಕ್ಕೆ ಕಾರಣ. ಗಡಸು ನೀರಿನ ಊರುಗಳಲ್ಲಿ ಕಾಳು ಬೇಯದೆ ಸತಾಯಿಸುವುದಕ್ಕೂ ನೀರಿನಲ್ಲಿರುವ ಕ್ಯಾಲ್ಸಿಯಮ್ಮೇ ಹೊಣೆ. ಹುಣಸೆ ಮತ್ತು ಟೊಮೆಟೊಗಳ ಆಮ್ಲವೂ ಸಿಪ್ಪೆಯನ್ನು ಗಟ್ಟಿಯಾಗಿಸುತ್ತದೆ. ಕಾಳು ಪೂರ್ತಿ ಬೆಂದ ಮೇಲೆಯೇ ಹುಳಿ ಹಾಕಬೇಕೆಂಬ ಮನೆಮಾತು ರಸಾಯನಶಾಸ್ತ್ರಕ್ಕೆ ಸರಿಹೊಂದುತ್ತದೆ. ಅಡುಗೆ ಸೋಡಾ ಬೇಯುವಿಕೆಯನ್ನು ಚುರುಕುಗೊಳಿಸುತ್ತದೆಯಾದರೂ ಥಯಮಿನ್ ಎಂಬ ಜೀವಸತ್ವವನ್ನು ನಾಶಮಾಡುತ್ತದೆ. ಅದನ್ನು ಬಿಡುವುದೇ ಮೇಲು.

ತೆರೆದ ಪಾತ್ರೆಯಲ್ಲಿ ನೀರಿನ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮೀರುವುದಿಲ್ಲ. ಮನೆಯ ಪ್ರೆಷರ್ ಕುಕ್ಕರಿನಲ್ಲಿ ಅದು 120 ಡಿಗ್ರಿಯ ಆಸುಪಾಸಿಗೆ ಏರುವುದರಿಂದ ಕಾಳು ಬಹುಬೇಗ ಬೇಯುತ್ತದೆ. ರಾಜ್ಮಾದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿ ಭೇದಿಗಳನ್ನು ಉಂಟುಮಾಡಬಲ್ಲದು. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದ ಬಳಿಕವೇ ಅದನ್ನು ಮಂದ ಉರಿಯಲ್ಲಿ ಬೇಯಿಸಬೇಕು.

ಕಾಳು ತಿಂದರೆ ವಾಯುವಾಗುತ್ತದೆ ಎಂಬ ಹೆದರಿಕೆ ಬಹಳ ಜನರಲ್ಲಿದೆ. ರಾಫಿನೋಸ್, ಸ್ಟ್ಯಾಕಿಯೋಸ್ ಮುಂತಾದ ಸಕ್ಕರೆಗಳು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿನ ಬ್ಯಾಕ್ಟೀರಿಯಗಳ ಪಾಲಾಗುವುದರಿಂದ ಅನಿಲ ಹುಟ್ಟುತ್ತದೆ. ನೆನೆಸಿದ ನೀರನ್ನು ಚೆಲ್ಲುವುದು, ಮೊಳಕೆ ಕಟ್ಟಿಸುವುದು, ಹುದುಗಿಸುವುದು ಇವುಗಳಿಂದ ಆ ಸಕ್ಕರೆಗಳು ಕಡಿಮೆಯಾಗುತ್ತವೆ. ಕಾಳಿನ ರೂಢಿಯಿಲ್ಲದವರು ಹೆಸರುಕಾಳಿನಿಂದ ಆರಂಭಿಸಿ ಪ್ರಮಾಣವನ್ನು ನಿಧಾನವಾಗಿ ಹೆಚ್ಚಿಸಿಕೊಂಡರೆ ಹೊಟ್ಟೆ ಹೊಂದಿಕೊಳ್ಳುತ್ತದೆ.

## ಬಸ್ಸಾರು: ಒಂದು ಪಾತ್ರೆ, ಎರಡು ಅಡುಗೆ

ಹಳೇ ಮೈಸೂರು ಪ್ರಾಂತ್ಯದ ಬಸ್ಸಾರು ತೃಪ್ತಿಕರ ಸಸ್ಯಾಹಾರದ ಅತ್ಯುತ್ತಮ ಉದಾಹರಣೆಗಳಲ್ಲಿ ಒಂದು. ಅಲಸಂದೆ, ಹೆಸರುಕಾಳು, ತೊಗರಿಬೇಳೆಗಳಲ್ಲಿ ಯಾವುದಾದರೊಂದನ್ನು ಬೆರಳಿನಿಂದ ಹಿಸುಕಿದರೆ ಮೆದುವಾಗುವಷ್ಟು, ಆದರೆ ಆಕಾರ ಕೆಡದಷ್ಟು ಬೇಯಿಸಬೇಕು. ಅದಕ್ಕೆ ಹೆಚ್ಚಿದ ದಂಟಿನ ಸೊಪ್ಪು ಅಥವಾ ಸಬ್ಬಸಿಗೆ ಸೊಪ್ಪು ಮತ್ತು ಉಪ್ಪು ಸೇರಿಸಿ, ಸೊಪ್ಪು ಬಾಡಿ ಬೆಂದೊಡನೆ ನೀರನ್ನು ಪೂರ್ತಿಯಾಗಿ ಬಸಿಯಬೇಕು. ಬಸಿದ ನೀರೇ ಕಟ್ಟು.

ಸಾಮಾನ್ಯ ಅಡುಗೆಯಲ್ಲಿ ಚೆಲ್ಲಿಹೋಗುವ ಈ ಕಟ್ಟಿನಲ್ಲಿ ಕಾಳಿನ ಪಿಷ್ಟ, ಸೊಪ್ಪಿನ ಪೊಟ್ಯಾಸಿಯಂ, ನೀರಿನಲ್ಲಿ ಕರಗುವ ಫೋಲೇಟ್‌ನಂಥ ಜೀವಸತ್ವಗಳು ಇಳಿದಿರುತ್ತವೆ. ಈರುಳ್ಳಿ ಮತ್ತು ಬೆಳ್ಳುಳ್ಳಿಯನ್ನು ಅಂಚು ಕಂದುವವರೆಗೆ ಹುರಿದು, ಒಣಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿ, ಹುಣಸೆಹಣ್ಣಿನೊಂದಿಗೆ ನುಣ್ಣಗೆ ರುಬ್ಬಬೇಕು. ರುಬ್ಬುವಾಗ ಬೆಂದ ಸೊಪ್ಪು ಮತ್ತು ಕಾಳನ್ನು ಒಂದು ಸೌಟಿನಷ್ಟು ಸೇರಿಸಿದರೆ ಸಾರಿಗೆ ಮೈ ಬರುತ್ತದೆ. ಈ ಹಂತವನ್ನು ಬಿಡಬಾರದು. ಬಸ್ಸಾರು ನೀರುನೀರಾಗುವುದು ಇಲ್ಲಿಯೇ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಕುದಿಸಿ, ಸಾಸಿವೆ ಮತ್ತು ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ಉಳಿದ ಸೊಪ್ಪುಕಾಳಿಗೆ ಈರುಳ್ಳಿ, ಒಣಮೆಣಸು, ತೆಂಗಿನತುರಿ ಹಾಕಿದರೆ ಪಲ್ಯ. ಬಿಸಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತ, ನಡುನಡುವೆ ಪಲ್ಯವನ್ನು ಅಗಿಯುತ್ತ ಹೋದರೆ ಮಧ್ಯಾಹ್ನದ ಊಟ ಸಂಜೆಯವರೆಗೆ ತಡೆಯುತ್ತದೆ. ಹುರುಳಿಕಟ್ಟಿನ ಸಾರಿನ ಹಿಂದಿರುವುದೂ ಇದೇ ತತ್ತ್ವ. ಅದು ಮರುದಿನ ಕಾಯಿಸಿದಾಗ ಇನ್ನೂ ರುಚಿ.

ಚಳಿಗಾಲದಲ್ಲಿ ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯದ ಕಡೆ ಕಾಳಿನ ಸ್ಥಾನವನ್ನು ಸೊಗಡಿನ ಅವರೆ ಆಕ್ರಮಿಸುತ್ತದೆ. ಬಿಡಿಸಿದ ಕಾಳನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಒಂದೊಂದನ್ನೂ ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಹಸಿರು ಬೇಳೆ ಚಿಮ್ಮುತ್ತದೆ. ಈ ಹಿದುಕಿದ ಬೇಳೆಯ ಸಾರಿಗೆ ಕೆನೆಯಂಥ ಮೃದುತ್ವ ಬರಲು ಹಾಲಿನ ಅಗತ್ಯವೇ ಇಲ್ಲ.

## ರುಚಿಯ ಆಳ

ನಾಲಿಗೆ ಒಪ್ಪದ ಊಟ ಎಷ್ಟು ಪೌಷ್ಟಿಕವಾಗಿದ್ದರೂ ತೃಪ್ತಿ ನೀಡದು. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಅವರು ಕೊಂಬು ಎಂಬ ಸಮುದ್ರಕಳೆಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮಾಂಸದ ಸಾರಿನಲ್ಲಿ ಇಷ್ಟವಾಗುವ ತುಂಬುರುಚಿಯೂ ಬಹುಪಾಲು ಇದೇ. ಹಣ್ಣಾದ ಟೊಮೆಟೊ, ಅಣಬೆ, ಹುದುಗಿಸಿದ ಸೋಯಾ ಇವುಗಳಲ್ಲಿಯೂ ಅದು ಧಾರಾಳವಾಗಿದೆ.

ರುಚಿಯ ಇನ್ನೊಂದು ಮೂಲ ಕಂದುಗೊಳಿಸುವಿಕೆ. ಪದಾರ್ಥದ ಮೇಲ್ಮೈ ಸುಮಾರು 140 ಡಿಗ್ರಿ ದಾಟಿದಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಪರಸ್ಪರ ವರ್ತಿಸಿ ಹೊಸ ಪರಿಮಳಗಳು ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಇದನ್ನು 1912ರಲ್ಲಿ ವಿವರಿಸಿದರು. ಕುದಿಯುವ ನೀರಿನಲ್ಲಿ ಅಷ್ಟು ಶಾಖ ಸಿಗದ ಕಾರಣ, ಬೇಯಿಸಿದ ತರಕಾರಿ ಸಪ್ಪೆಯಾಗಿಯೂ ಹುರಿದದ್ದು ಘಮಘಮವಾಗಿಯೂ ಇರುತ್ತದೆ. ಬಾಣಲೆಗೆ ತರಕಾರಿಯನ್ನು ತುಂಬಿಬಿಟ್ಟರೆ ಅದು ತನ್ನ ನೀರಿನಲ್ಲೇ ಬೇಯುತ್ತದೆ, ಹುರಿಯುವುದಿಲ್ಲ. ಮನೆಯ ಅಡುಗೆಯಲ್ಲಿ ಅತಿ ಹೆಚ್ಚು ರುಚಿ ಸೋರಿಹೋಗುವ ಜಾಗ ಇದು.

ಉತ್ತರ ಕರ್ನಾಟಕದ ಎಣ್ಣೆಗಾಯಿಯಲ್ಲಿ ಈ ಎಲ್ಲ ಅಂಶಗಳೂ ಕೂಡಿವೆ. ತೊಟ್ಟು ಉಳಿಸಿಕೊಂಡು ನಾಲ್ಕಾಗಿ ಸೀಳಿದ ಎಳೆಯ ಬದನೆಯೊಳಗೆ ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಖಾರ, ಹುಣಸೆ, ಬೆಲ್ಲದ ಹೂರಣ ತುಂಬಿ ಎಣ್ಣೆಯಲ್ಲಿ ಸಣ್ಣಗೆ ಬೇಯಿಸುತ್ತಾರೆ. ಪ್ರೋಟೀನ್, ಕೊಬ್ಬು, ನಾರು, ಹುಳಿ, ಸಿಹಿ, ಖಾರ ಎಲ್ಲವೂ ಒಂದೇ ಕಾಯಿಯಲ್ಲಿ ಸೇರುತ್ತವೆ. ಜೊತೆಗೆ ಖಟಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿ ಈರುಳ್ಳಿ ಇದ್ದರೆ ಆ ತಟ್ಟೆಗೆ ಮತ್ತೇನೂ ಬೇಡ.

ಒಗ್ಗರಣೆಯ ಕೆಲಸವೂ ಶಾಸ್ತ್ರಬದ್ಧವಾದದ್ದು. ಮಸಾಲೆಯ ಪರಿಮಳದ್ರವ್ಯಗಳಲ್ಲಿ ಬಹುಪಾಲು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಗಳಲ್ಲಿ ಇಂಗು ಆ ಕೊರತೆಯನ್ನು ನೀಗುತ್ತದೆ. ಅದರಲ್ಲಿಯೂ ಗಂಧಕದ ಸಂಯುಕ್ತಗಳೇ ಪರಿಮಳಕ್ಕೆ ಕಾರಣ.

## ಹಾಲಿಲ್ಲದ ಅಡುಗೆ

ಸಸ್ಯಾಹಾರಿ ಅಡುಗೆಯನ್ನು ವೀಗನ್ ಆಗಿಸುವಾಗ ಮುಖ್ಯವಾಗಿ ತುಪ್ಪ, ಮೊಸರು, ಹಾಲು, ಪನೀರುಗಳಿಗೆ ಪರ್ಯಾಯ ಬೇಕಾಗುತ್ತದೆ. ತುಪ್ಪದ ಬದಲಿಗೆ ಕೊಬ್ಬರಿ ಎಣ್ಣೆ ಅಥವಾ ಗಾಣದ ಶೇಂಗಾ ಎಣ್ಣೆ ಆದೀತು. ಪಾಯಸಕ್ಕೆ ಕರಾವಳಿಯ ಕಾಯಿಹಾಲು ಮತ್ತು ಬೆಲ್ಲದ ಜೋಡಿಯೇ ಸಾಕು. ಎರಡನೆಯ ತೆಳುಹಾಲಿನಲ್ಲಿ ಬೇಯಿಸಿ, ಮೊದಲ ದಪ್ಪಹಾಲನ್ನು ಕೊನೆಗೆ ಸೇರಿಸಿ ಕುದಿ ಬರುವ ಮೊದಲೇ ಇಳಿಸಬೇಕು. ಜೋರಾಗಿ ಕುದಿಸಿದರೆ ಒಡೆಯುತ್ತದೆ. ತಂಬುಳಿಗೆ ಮಜ್ಜಿಗೆಯ ಬದಲು ಕಾಯಿಹಾಲು ಮತ್ತು ನಿಂಬೆರಸ ಹೊಂದುತ್ತದೆ. ನೆನೆಸಿದ ಶೇಂಗಾವನ್ನು ರುಬ್ಬಿ ಸೋಸಿ, ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವ ಪದ್ಧತಿಯೂ ಈಗ ಪ್ರಚಾರದಲ್ಲಿದೆ. ಪನೀರಿನ ಜಾಗಕ್ಕೆ ತೋಫು ಬರುತ್ತದೆ. ಬಟ್ಟೆಯಲ್ಲಿ ಸುತ್ತಿ ಭಾರವಿಟ್ಟು ನೀರು ತೆಗೆದ ನಂತರ ಹುರಿದರೆ ಮಾತ್ರ ಅದು ಮಸಾಲೆಯನ್ನು ಹಿಡಿಯುತ್ತದೆ.

ಇಲ್ಲೊಂದು ತಪ್ಪು ಸಾಮಾನ್ಯ. ಕಾಯಿಹಾಲು ಬಣ್ಣದಲ್ಲಿ ಹಸುವಿನ ಹಾಲನ್ನು ಹೋಲುತ್ತದೆ, ಪ್ರೋಟೀನಿನಲ್ಲಾಗಲಿ ಕ್ಯಾಲ್ಸಿಯಮ್ಮಿನಲ್ಲಾಗಲಿ ಹೋಲುವುದಿಲ್ಲ. ಆ ಪಾಲನ್ನು ಸೋಯಾ, ಕಾಳು, ರಾಗಿ, ಎಳ್ಳುಗಳಿಂದ ತುಂಬಿಕೊಳ್ಳಬೇಕು. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

## ಗಮನಿಸಬೇಕಾದ ಪೋಷಕಾಂಶಗಳು

ಬಿ12 ಜೀವಸತ್ವ ಸಸ್ಯಮೂಲದ ಆಹಾರದಿಂದ ನಂಬಿಕೊಳ್ಳುವಷ್ಟು ಪ್ರಮಾಣದಲ್ಲಿ ದೊರೆಯುವುದಿಲ್ಲ. ಅದರ ಕೊರತೆ ರಕ್ತಹೀನತೆಗೂ ನರಗಳ ಹಾನಿಗೂ ಕಾರಣವಾಗುತ್ತದೆ. ವೀಗನ್ ಆಹಾರ ಸೇವಿಸುವವರು ಬಿ12 ಸೇರಿಸಿ ಬಲವರ್ಧಿಸಿದ ಆಹಾರವನ್ನೋ ಮಾತ್ರೆಯನ್ನೋ ತಪ್ಪದೆ ತೆಗೆದುಕೊಳ್ಳಬೇಕು. ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು. ಇದರಲ್ಲಿ ರಾಜಿಗೆ ಜಾಗವಿಲ್ಲ.

ಸಸ್ಯಮೂಲದ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ, ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಸೇರುತ್ತದೆ. ಹೆಸರುಬೇಳೆ ಕೋಸಂಬರಿಗೆ ಹಿಂಡುವ ನಿಂಬೆರಸದ ಉಪಕಾರ ಇಲ್ಲಿದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾ ಇದಕ್ಕೆ ಅಡ್ಡಿ ಮಾಡುತ್ತವೆ. ಮೊಳಕೆ ಮತ್ತು ಹುದುಗುವಿಕೆಯಿಂದ ಕಾಳಿನ ಫೈಟೇಟ್ ಕಡಿಮೆಯಾಗಿ ಕಬ್ಬಿಣವೂ ಸತುವೂ ಬಿಡುಗಡೆ ಹೊಂದುತ್ತವೆ. ಒಮೇಗಾ-3 ಕೊಬ್ಬಿನ ಸಸ್ಯರೂಪಕ್ಕೆ ಅಗಸೆ ಹಿಂಡಿ ಉತ್ತಮ ಮೂಲ.

## ದಿನನಿತ್ಯದ ಬಳಕೆ

ಕಾಳಿನ ಅಡುಗೆಗೆ ಬೇಕಾದದ್ದು ಶ್ರಮಕ್ಕಿಂತ ಮುಂದಾಲೋಚನೆ. ಒಮ್ಮೆ ಬೇಯಿಸಿದ ಕಾಳು ಫ್ರಿಜ್ಜಿನಲ್ಲಿ ಮೂರು ದಿನ ಕೆಡುವುದಿಲ್ಲ. ಭಾನುವಾರ ಬೇಯಿಸಿದ ಕಡಲೆಕಾಳು ಸೋಮವಾರ ಉಸಲಿ, ಮಂಗಳವಾರ ಬದನೆಯ ಜೊತೆಗೆ ಹುಳಿ, ಬುಧವಾರ ಚಿತ್ರಾನ್ನದೊಳಗೆ ಒಂದು ಹಿಡಿ ಎಂಬಂತೆ ರೂಪ ಬದಲಿಸಬಹುದು. ಶೇಂಗಾ, ಗುರೆಳ್ಳು, ಅಗಸೆಯ ಹಿಂಡಿಗಳು ಡಬ್ಬಿಯಲ್ಲಿದ್ದರೆ ತೆಳುವಾದ ಊಟಕ್ಕೂ ತೂಕ ಬರುತ್ತದೆ.

ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಅಡುಗೆ ದೂರದ್ದಲ್ಲ. ಅಲ್ಲಿನ ಅಂಗಡಿಗಳಲ್ಲಿ ಬ್ಲಾಕ್ ಐಡ್ ಪೀಸ್ ಎಂಬ ಹೆಸರಿನಲ್ಲಿ ಸಿಗುವುದು ಅಲಸಂದೆಯೇ. ದಂಟಿನ ಸೊಪ್ಪು ಸಿಗದಲ್ಲಿ ಪಾಲಕ್ ಸೊಪ್ಪಿನ ಬಸ್ಸಾರು ಚೆನ್ನಾಗಿ ಬರುತ್ತದೆ. ಅವರೆಕಾಳಿಗಾಗಿ ಭಾರತೀಯ ದಿನಸಿ ಅಂಗಡಿಗಳ ಶೀತಲ ಪೆಟ್ಟಿಗೆಯಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಎಂಬ ಗುಜರಾತಿ ಹೆಸರಿನ ಪೊಟ್ಟಣವನ್ನು ಹುಡುಕಬೇಕು. ತಾಜಾ ಅವರೆಯ ಸೊಗಡು ಅದರಲ್ಲಿರುವುದಿಲ್ಲ. ಆದರೂ ನೆನೆಸಿ ಹಿದುಕಿದರೆ ಬೇಳೆ ಸಲೀಸಾಗಿ ಹೊರಬರುತ್ತದೆ.