ಕೋರ್ಟ್ ಆರ್ಡರ್ ಇಲ್ಲದೆ ಮನೆ ಹೋಗೋದು ಯಾವಾಗಿಂದ?

ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದಾಗ ನಮ್ಮ ಜನ ಮೊದಲು ಕೇಳೋದು, "ಕೋರ್ಟ್ ಆರ್ಡರ್ ಎಲ್ಲಿ?" ಆರ್ಡರ್ ಇರೋದಿಲ್ಲ, ಕಾನೂನಿನ ಪ್ರಕಾರ ಬೇಕಾಗಿಯೂ ಇಲ್ಲ. ಇದರ ಚರಿತ್ರೆ ನಮಗೆ ಗೊತ್ತಿರಬೇಕು ಅಂತ ಬರೀತಿದ್ದೀನಿ.

ನಮ್ಮ ಹಿರಿಯರು ಸಾಲಕ್ಕೆ ಮೈಯನ್ನೇ ಒತ್ತೆಯಿಟ್ಟು ಜೀತ ಮಾಡಿದರು. 1976ರ ಕಾಯ್ದೆ ಅದನ್ನು ಅಪರಾಧ ಮಾಡಿತು. ಮೊದಲ ತಲೆಮಾರಿಗೆ ನೌಕರಿ ಬಂದು, ಬ್ಯಾಂಕ್ ಸಾಲದಲ್ಲಿ ಮನೆ ಕಟ್ಟೋ ಹೊತ್ತಿಗೆ ಸಾಲದ ಕಾನೂನೇ ಬದಲಾಗಿತ್ತು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಅಡವಿಟ್ಟ ಮನೆ ಮಾರಿಸಲು ಸಾಲ ಕೊಟ್ಟವರು ಸಾಮಾನ್ಯವಾಗಿ ಸಿವಿಲ್ ಕೋರ್ಟಿಗೆ ಹೋಗಬೇಕಿತ್ತು. ದಾವೆ ವರ್ಷಗಟ್ಟಲೆ ಎಳೀತಿತ್ತು. ಬ್ಯಾಂಕುಗಳ ಒತ್ತಾಯಕ್ಕೆ 1993ರಲ್ಲಿ ಸಾಲ ವಸೂಲಿ ನ್ಯಾಯಮಂಡಳಿಯ ಕಾಯ್ದೆ ಬಂತು. ಅದೂ ಸಾಲದೆ, ವಸೂಲಾಗದ ಸಾಲದ ರಾಶಿ ತೋರಿಸಿ 2002ರಲ್ಲಿ ಸರ್ಫೇಸಿ ಕಾಯ್ದೆ ತಂದರು. ಸಾಲ ಕೊಟ್ಟವರೇ ಸ್ವಾಧೀನ ಮಾಡ್ಕೊಂಡು ಹರಾಜು ಹಾಕಬಹುದು. ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿತು.

ನಡೆಯೋದು ಹೀಗೆ. ಕಂತು 90 ದಿನ ಮೀರಿದರೆ ಸಾಲ ಎನ್‌ಪಿಎ. ಆಮೇಲೆ 13(2) ನೋಟಿಸ್, ತೀರಿಸಲು 60 ದಿನ. ಆಗಲೂ ಕಟ್ಟದಿದ್ದರೆ ಸ್ವಾಧೀನ. ಬೀಗ ತೆಗೆಸಲು ಜಿಲ್ಲಾ ಮ್ಯಾಜಿಸ್ಟ್ರೇಟ್ ನೆರವು ಪಡೀತಾರೆ. ಮೊದಲ ಹರಾಜಿಗೆ ಕನಿಷ್ಠ 30 ದಿನದ ನೋಟಿಸ್ ಕೊಡಬೇಕು.

ಮೂಲ ಕಾಯ್ದೆಯಲ್ಲಿ ಇನ್ನೊಂದು ಕ್ರೌರ್ಯ ಇತ್ತು. ಸ್ವಾಧೀನ ಪ್ರಶ್ನಿಸಬೇಕಾದರೆ ಬ್ಯಾಂಕ್ ಕೇಳಿದ ಮೊತ್ತದ 75% ಮೊದಲೇ ಕಟ್ಟಬೇಕಿತ್ತು. ದುಡ್ಡಿಲ್ಲದೆ ಮನೆ ಕಳ್ಕೊಳ್ತಿರೋನು ಎಲ್ಲಿಂದ ತರ್ತಾನೆ? 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಉಳಿಸಿತು, ಈ ಷರತ್ತನ್ನು ರದ್ದು ಮಾಡಿತು. ಆಕ್ಷೇಪಣೆಗೆ ಬ್ಯಾಂಕ್ ಕಾರಣ ಕೊಟ್ಟು ಉತ್ತರಿಸಲೇಬೇಕು ಅಂತಲೂ ಹೇಳಿತು. ಈಗ ಅದಕ್ಕೆ 15 ದಿನದ ಗಡುವಿದೆ.

ಗೆದ್ದದ್ದನ್ನು ಇನ್ನೊಂದು ಕಡೆಯಿಂದ ಕಿತ್ತುಕೊಂಡರು. ಮೊದಲು ಮಾರಾಟದ ದಿನದವರೆಗೂ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿ ಆ ಹಕ್ಕನ್ನು ಹರಾಜು ನೋಟಿಸ್ ಪ್ರಕಟವಾಗುವ ತನಕಕ್ಕೆ ಇಳಿಸಿತು. 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಕಾನೂನು ಎಲ್ಲರಿಗೂ ಒಂದೇ ಅಂತಾರೆ. ಆದರೆ ಕರ್ನಾಟಕದ ನ್ಯಾಯಮಂಡಳಿ ಇರೋದು ಬೆಂಗಳೂರಲ್ಲಿ. ಬೀದರಿನ ಕೇರಿಯವನು ಕೂಲಿ ಬಿಟ್ಟು, ವಕೀಲರನ್ನು ಹುಡುಕಿ, ಅಲ್ಲಿಗೆ ಮುಟ್ಟಬೇಕು. ಪಿತ್ರಾರ್ಜಿತ ಆಸ್ತಿ ಇದ್ದವನಿಗೆ ಒಂದು ಮನೆ ಹೋದರೆ ಇನ್ನೊಂದಿರುತ್ತೆ. ನಮ್ಮವರಿಗೆ ಅದೇ ಮೊದಲನೇದು, ಅದೇ ಕೊನೇದು.

ಹಾಗಾಗಿ ನೋಟಿಸನ್ನು ನಾಚಿಕೆಯಿಂದ ಬಚ್ಚಿಡಬೇಡಿ. ಅದು ಕೈಗೆ ಬಂದ ತಾರೀಖು ಬರೆದಿಡಿ. ಆ 60 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವಾಧೀನದ ಕ್ರಮವಾದರೆ 45 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಹರಾಜಾಗಿ ಬಾಕಿ, ಖರ್ಚು ಕಳೆದು ಉಳಿದ ದುಡ್ಡು ನಿಮ್ಮದು, ಕೇಳಿ ಪಡೆಯಿರಿ. ಕೃಷಿ ಭೂಮಿಯ ಅಡಮಾನಕ್ಕೆ ಈ ಕಾಯ್ದೆ ಅನ್ವಯಿಸೋದಿಲ್ಲ, ಅದೂ ನೆನಪಿರಲಿ.

75% ಷರತ್ತು ಬಿದ್ದದ್ದು ಯಾರೋ ಪ್ರಶ್ನಿಸಿದ್ದಕ್ಕೆ. ಪ್ರತಿ ಸಂಘಟನೆಯೂ ತನ್ನ ತಾಲೂಕಿನಲ್ಲಿ ಇಂಥ ನೋಟಿಸ್ ಓದಿ ಹೇಳೋಕೆ ಒಬ್ಬರನ್ನಾದರೂ ತಯಾರು ಮಾಡಲಿ.

ಜೈ ಭೀಮ್.