ಬರ ಆರಿಸಿದ ದನ, ಅರಸರು ಆರಿಸಿದ ಎತ್ತು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಆದರೂ ಇಲ್ಲಿನ ಜನಜೀವನಕ್ಕೆ ದನವೇ ಆಧಾರ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಹೊಸಶಿಲಾಯುಗದ ವಸತಿಯ ಕುರುಹುಗಳು ಬೆಳಕಿಗೆ ಬಂದವು. ದಕ್ಷಿಣದ ಆ ಕಾಲದ ಜನರಿಗೆ ದನಸಾಕಣೆಯೇ ಪ್ರಧಾನ ಕಸುಬಾಗಿತ್ತು. ಮಳೆಯಿಲ್ಲದ ನೆಲದಲ್ಲಿ ದನಗಳು ಸಾವಿರಾರು ವರ್ಷ ಬಾಳಿದ್ದು ಹೇಗೆ?

ಉತ್ತರದ ಸುಳಿವು ಚಾರ್ಲ್ಸ್ ಡಾರ್ವಿನ್ನನ 'ಆರಿಜಿನ್ ಆಫ್ ಸ್ಪೀಶೀಸ್' ಗ್ರಂಥದಲ್ಲಿದೆ. 1859ರಲ್ಲಿ ಪ್ರಕಟವಾದ ಈ ಗ್ರಂಥ ಆರಂಭವಾಗುವುದು ಕಾಡುಪ್ರಾಣಿಗಳಿಂದಲ್ಲ, ಸಾಕುಪ್ರಾಣಿಗಳಿಂದ. ಭಾರತದ ಡುಬ್ಬದ ದನಗಳ ಪ್ರಸ್ತಾಪವೂ ಅಲ್ಲಿದೆ. ಕಲ್ಕತ್ತೆಯಲ್ಲಿದ್ದ ಎಡ್ವರ್ಡ್ ಬ್ಲೈತ್ ಕಳುಹಿಸಿದ ಮಾಹಿತಿಯ ಆಧಾರದ ಮೇಲೆ, ಇವು ಯುರೋಪಿನ ದನಗಳಿಗಿಂತ ಬೇರೆಯದೇ ಮೂಲದಿಂದ ಬಂದಿರಬೇಕೆಂದು ಡಾರ್ವಿನ್ ಊಹಿಸಿದ್ದ. 1990ರ ದಶಕದಲ್ಲಿ ನಡೆದ ಡಿಎನ್‌ಎ ಪರೀಕ್ಷೆಗಳು ಆ ಊಹೆಯನ್ನು ಎತ್ತಿಹಿಡಿದವು. ಎರಡೂ ವಂಶಗಳು ಮನುಷ್ಯ ಅವುಗಳನ್ನು ಪಳಗಿಸುವುದಕ್ಕೆ ಲಕ್ಷಾಂತರ ವರ್ಷ ಮೊದಲೇ ಕವಲೊಡೆದಿದ್ದವು.

ಡಾರ್ವಿನ್ನನ ವಾದ ಸರಳವಾದುದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಸೀರೆಗೆ ಹೆಸರಾದ ಮೊಳಕಾಲ್ಮುರಿನವರಿಗೆ ಹೊಸದೇನಲ್ಲ. ಆದರೆ ಮಗಳು ತಾಯಿಯ ಪಡಿಯಚ್ಚಲ್ಲ. ಒಂದೇ ಹಿಂಡಿನ ಕರುಗಳಲ್ಲೂ ಒಂದು ಹೆಚ್ಚು ದೂರ ನಡೆಯಬಲ್ಲದು, ಇನ್ನೊಂದು ಒಣಹುಲ್ಲಿನಲ್ಲೇ ಮೈ ಹಿಡಿಯಬಲ್ಲದು. ಬರ ಬಂದಾಗ ಇಂಥವು ಉಳಿಯುತ್ತವೆ, ಕರು ಹಾಕುತ್ತವೆ, ಉಳಿದವು ಸಾಯುತ್ತವೆ. ಬರ ಯಾವ ದನಕ್ಕೂ ಹೊಸ ಗುಣ ಕಲಿಸುವುದಿಲ್ಲ. ಕಲ್ಲುನೆಲದಲ್ಲಿ ನಡೆದು ತಾಯಿಯ ಗೊರಸು ಗಟ್ಟಿಯಾದ ಮಾತ್ರಕ್ಕೆ ಕರುವಿನ ಗೊರಸು ಗಟ್ಟಿಯಾಗುವುದಿಲ್ಲ. ಹುಟ್ಟಿನಿಂದಲೇ ಗಟ್ಟಿ ಗೊರಸು ಪಡೆದ ಕರು ಬದುಕಿ ಉಳಿಯುತ್ತದೆ, ಅಷ್ಟೆ. ತಲೆಮಾರುಗಳು ಕಳೆದಂತೆ ಇಡೀ ಹಿಂಡಿನ ಸ್ವರೂಪವೇ ಬದಲಾಗುತ್ತದೆ. ಇದೇ ನಿಸರ್ಗದ ಆಯ್ಕೆ. ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಹೊಸ ಪ್ರಭೇದಗಳು ಮೂಡುವುದೂ ಇದೇ ಹಾದಿಯಲ್ಲಿ.

ಈ ಕೆಲಸಕ್ಕೆ ಮೈಸೂರಿನ ಅರಸರು ತಮ್ಮ ಕೈಯನ್ನೂ ಸೇರಿಸಿದರು. ಹಳ್ಳಿಕಾರ್ ದನಗಳಿಂದ ಆರಂಭವಾದ ಅರಮನೆಯ ಹಿಂಡಿಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಿತ್ತು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟ. ಫಿರಂಗಿ ಎಳೆಯಲು ವೇಗವಾಗಿ ನಡೆಯುವ ಎತ್ತುಗಳು ಬೇಕಿದ್ದವು. ಅಂಥವುಗಳ ಸಂತತಿಯನ್ನೇ ಆರಿಸಿ ಬೆಳೆಸಲಾಯಿತು. ಆದರೆ ಹಿಂಡುಗಳು ಬೆಳೆದದ್ದು ಕೊಟ್ಟಿಗೆಯಲ್ಲಲ್ಲ, ಬಯಲು ಕಾವಲುಗಳಲ್ಲಿ. ಬಿಸಿಲು, ಚಳಿ, ಮೇವಿನ ಕೊರತೆಗಳೂ ತಮ್ಮ ಪಾಲಿನ ಆಯ್ಕೆ ಮಾಡಿದವು. 1799ರ ನಂತರ ಹಿಂಡು ಬ್ರಿಟಿಷರ ವಶವಾಯಿತು. ಖರ್ಚು ಉಳಿಸಲೆಂದು 1860ರಲ್ಲಿ ಅದನ್ನು ಮಾರಿದ ಸರ್ಕಾರ, ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು.

ಇದೇ ಸೀಮೆಯ ಮ್ಯಾಸಬೇಡರು 'ದೇವರ ಎತ್ತು'ಗಳನ್ನು ಇಂದಿಗೂ ಸಾಕುತ್ತಿದ್ದಾರೆ. ಕಿಲಾರಿಗಳು ಕಾಯುವ ಈ ಹಿಂಡುಗಳ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ. ದುಡಿಮೆಯ ಲೆಕ್ಕವಿಲ್ಲದ ಇಲ್ಲಿ ಮಾಲೀಕನ ಆಯ್ಕೆಗಿಂತ ಬರದ ಆಯ್ಕೆಯೇ ದೊಡ್ಡದು.

ಆಯ್ಕೆ ನಡೆಯಲು ಎರಡು ಸಂಗತಿ ಬೇಕು: ಹಿಂಡಿನಲ್ಲಿ ವೈವಿಧ್ಯ ಮತ್ತು ಅದನ್ನು ಪರೀಕ್ಷೆಗೊಡ್ಡುವ ನೆಲ. ಚಳ್ಳಕೆರೆಯಲ್ಲಿ ಎರಡೂ ಕುಗ್ಗುತ್ತಿವೆ. 2009ರಿಂದೀಚೆಗೆ ಖುದಾಪುರ, ಉಳ್ಳಾರ್ತಿ ಸುತ್ತಲಿನ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ ದೊರೆಯಿತು. ವಿವಾದ 2013ರಲ್ಲಿ ಚೆನ್ನೈನ ಹಸಿರು ನ್ಯಾಯಮಂಡಳಿಯ ಮುಂದಿತ್ತು. ಈಗ ಹಲವೆಡೆ ಮೇವಿನ ದಾರಿಗೆ ಗೋಡೆ ಅಡ್ಡ ಬಂದಿದೆ.

ವೀರ್ಯವನ್ನು ಶೈತ್ಯಾಗಾರದಲ್ಲಿಟ್ಟು ತಳಿಯನ್ನು ಕಾಪಾಡಬಹುದೆಂಬ ಮಾತಿದೆ. ಅದರಿಂದ ಇದುವರೆಗಿನ ಆಯ್ಕೆಯ ಫಲ ಉಳಿದೀತು. ಮುಂದಿನ ಆಯ್ಕೆ ನಡೆಯದು. ನಾಳಿನ ಬರಗಳು ನಿನ್ನೆಯವುಗಳಂತೆಯೇ ಇರುತ್ತವೆ ಎನ್ನಲಾಗದು. ಅವುಗಳನ್ನು ತಾಳಿಕೊಳ್ಳುವ ಕರು ಹುಟ್ಟಬೇಕಾದರೆ ಹಿಂಡಿಗೆ ಕಾವಲು ಬೇಕೇ ಬೇಕು.