ಒಂದೇ ಅಚ್ಚಿನ ಉಗಿಬಂಡಿಗಳೂ ಬಾಗಲಕೋಟೆಯ ಸೀಮೆಯೂ

ಬಾದಾಮಿಯೆಂದೊಡನೆ ಚಾಲುಕ್ಯರ ಗುಹಾಲಯಗಳೂ ಅಗಸ್ತ್ಯತೀರ್ಥವೂ ಕಣ್ಣ ಮುಂದೆ ನಿಲ್ಲುವವು. ಇದು ಯುಕ್ತವೇ ಸರಿ. ಆದರೆ ಆ ಊರಿನಿಂದ ಸುಮಾರು ಮೂರು ಮೈಲು ದೂರದಲ್ಲಿ ಹಾಯ್ದು ಹೋಗುವ ಕಬ್ಬಿಣದ ಹಾದಿಗೂ ಒಂದು ಇತಿಹಾಸವುಂಟೆಂಬದನ್ನು ನೆನೆಯುವವರು ವಿರಳ. ನಮ್ಮ ಸೀಮೆಯ ಹಿರಿಯರು ‘ಅಗಿನಗಾಡಿ’ಯೆಂದು ಕರೆದ ಆ ಉಗಿಬಂಡಿಯು ಯಾರ ಯೋಚನೆಯಿಂದ ಯಾವ ಆಕಾರವನ್ನು ತಾಳಿತು, ಮತ್ತು ಆ ಆಕಾರದಿಂದ ಈ ಸೀಮೆಗೆ ಆದ ಲಾಭಾಲಾಭಗಳೇನು ಎಂಬದನ್ನು ವಿಚಾರಿಸುವದು ಉಚಿತವಾಗಿದೆ.

ಈ ಹಾದಿಯ ಹುಟ್ಟಿಗೆ ಮುಖ್ಯ ಕಾರಣವು ಕ್ಷಾಮ. ಸನ್ 1876ರಿಂದ 1878ರ ವರೆಗಿನ ಘೋರ ಬರಗಾಲದಲ್ಲಿ ಅಂದಿನ ಕಲಾದಗಿ ಜಿಲ್ಹೆಯು ಬಹಳವಾಗಿ ನೊಂದಿತು. ಬೇರೆ ಪ್ರಾಂತಗಳಲ್ಲಿ ಧಾನ್ಯವಿದ್ದರೂ ಅದನ್ನು ಇಲ್ಲಿಗೆ ತರುವ ಸಾಧನವಿರಲಿಲ್ಲ. ಮೇವು ನೀರುಗಳಿಲ್ಲದೆ ಎತ್ತುಗಳೇ ಬಿದ್ದುಹೋಗಲು ಬಂಡಿಗಳನ್ನು ಎಳೆಯುವವರಾರು? 1880ರಲ್ಲಿ ಕ್ಷಾಮ ಆಯೋಗವು ಬರಪೀಡಿತ ಸೀಮೆಗಳ ರಕ್ಷಣೆಗಾಗಿ ರೇಲ್ವೆಗಳನ್ನು ಹಾಕಬೇಕೆಂದು ಸೂಚಿಸಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಸ್ಥಾಪಿತವಾಯಿತು. 1884ರಲ್ಲಿ ಗದಗಿನಿಂದ ಹೊಟಗಿಯ ವರೆಗೆ ಸುಮಾರು 175 ಮೈಲುಗಳ ಮಾರ್ಗವು ಸಂಚಾರಕ್ಕೆ ತೆರವಾಯಿತು. ಅದು ಹೊಳೆಆಲೂರಿನ ಬಳಿಯಲ್ಲಿ ಮಲಪ್ರಭೆಯನ್ನು ದಾಟಿ, ಬಾದಾಮಿ, ಗುಳೇದಗುಡ್ಡ ರೋಡ್, ಬಾಗಲಕೋಟೆಗಳ ಮೇಲಿಂದ ಸಾಗಿ, ಸೀತಿಮನಿ ಆಲಮಟ್ಟಿಗಳ ನಡುವೆ ಕೃಷ್ಣೆಯನ್ನು ದಾಟಿ ವಿಜಾಪುರವನ್ನು ಮುಟ್ಟುವದು. ಮರುವರ್ಷವೇ ಜಿಲ್ಹೆಯ ಮುಖ್ಯಸ್ಥಾನವು ಹಳಿಯಿಲ್ಲದ ಕಲಾದಗಿಯಿಂದ ಹಳಿಯಿದ್ದ ವಿಜಾಪುರಕ್ಕೆ ಸಾಗಿತು.

ಈ ಮಾರ್ಗವು ಮೀಟರಗೇಜಿನದು, ಎಂದರೆ ಎರಡು ಹಳಿಗಳ ನಡುವಣ ಅಂತರವು ಒಂದು ಮೀಟರು. ಲಾರ್ಡ್ ಮೇಯೋ ಅವರ ಆಡಳಿತದಲ್ಲಿ, ಸನ್ 1870ರಲ್ಲಿ, ಖರ್ಚನ್ನು ಉಳಿಸುವದಕ್ಕಾಗಿ ಸರಕಾರವು ಈ ಅಳತೆಯನ್ನು ಅಂಗೀಕರಿಸಿತ್ತು. ಹೀಗೆ ಹಳಿಗಳ ಅಳತೆಯು ನಿಶ್ಚಿತವಾದ ಮೇಲೆ ಇಂಜಿನ್ನುಗಳಿಗೂ ನಿಶ್ಚಿತವಾದ ಮಾದರಿಗಳು ಬೇಕಾದವು. ಸರಕಾರಿ ಮೀಟರಗೇಜ ಮಾರ್ಗಗಳಿಗಾಗಿ ಇಂಗ್ಲೀಷ ವರ್ಣಮಾಲೆಯ ಅಕ್ಷರಗಳಿಂದ ಹೆಸರಿಸಲ್ಪಟ್ಟ ವರ್ಗಗಳು ರೂಪುಗೊಂಡವು. ಅವುಗಳಲ್ಲಿ ಮೊದಲನೆಯ ‘ಎ’ ವರ್ಗವು ಒಂದು ಚಿಕ್ಕ ಟ್ಯಾಂಕ ಇಂಜಿನ್ನು. ‘ಎಫ್’ ವರ್ಗವು ಆರು ಚಕ್ರಗಳ ಗಟ್ಟಿಮುಟ್ಟಾದ ಇಂಜಿನ್ನು. 1895ರಲ್ಲಿ ಅಜಮೇರದ ಕಾರಖಾನೆಯಲ್ಲಿ ಸಿದ್ಧವಾದ 734ನೆಯ ಸಂಖ್ಯೆಯ ಇಂಜಿನ್ನು ಈ ‘ಎಫ್’ ವರ್ಗದ್ದೇ ಆಗಿದ್ದು, ಭಾರತದಲ್ಲಿಯೇ ಕಟ್ಟಲ್ಪಟ್ಟ ಮೊದಲ ಇಂಜಿನ್ನೆಂದು ಪ್ರಸಿದ್ಧವಾಗಿದೆ.

ಎಲ್ಲವೂ ಒಂದೇ ಅಚ್ಚಿನವಾಗಿರಬೇಕೆಂಬ ಹಟವೇಕೆ? ಕಾರಣವು ಸುಲಭವಾದದ್ದು. ಹತ್ತು ಕಂಪನಿಗಳು ಹತ್ತು ಬಗೆಯ ಇಂಜಿನ್ನುಗಳನ್ನು ಬೇಡಿದರೆ ಕಟ್ಟುವವನು ಹತ್ತು ನಕ್ಷೆ, ಹತ್ತು ಎರಕದ ಅಚ್ಚುಗಳನ್ನು ಮಾಡಬೇಕು. ಕಾಲವೂ ದ್ರವ್ಯವೂ ವ್ಯಯವಾಗುವವು. ಮುರಿದ ಭಾಗವೊಂದು ಸಮುದ್ರದಾಚೆಯಿಂದ ಬರುವ ತನಕ ಇಂಜಿನ್ನು ಹುಬ್ಬಳ್ಳಿಯ ಕಾರಖಾನೆಯಲ್ಲಿ ಸುಮ್ಮನೆ ನಿಂತಿರಬೇಕು. ಮಾದರಿಯು ಒಂದೇ ಆಗಿದ್ದರೆ ಒಂದರ ಅವಯವವು ಇನ್ನೊಂದಕ್ಕೆ ಹೊಂದುವದು. ಆದುದರಿಂದ 1901ರಲ್ಲಿ ಇಂಗ್ಲಂಡದಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ ಮಾನಕಗಳ ಸಮಿತಿಯು 1903ರಿಂದ ಭಾರತದ ರೇಲ್ವೆಗಳಿಗಾಗಿ ಮಾದರಿಗಳನ್ನು ಗೊತ್ತುಮಾಡತೊಡಗಿತು. 1924ರಲ್ಲಿ ಮತ್ತೊಂದು ಸಮಿತಿಯು ಕೂಡಿ, ದೊಡ್ಡ ಹಳಿಗೆ ‘ಎಕ್ಸ್’, ಮೀಟರಿನ ಹಳಿಗೆ ‘ವಾಯ್’, ಕಿರುಹಳಿಗೆ ‘ಝಡ್’ ಎಂಬ ಅಕ್ಷರಗಳಿಂದಾರಂಭವಾಗುವ ಹೊಸ ವರ್ಗಗಳು ಹುಟ್ಟಿದವು.

ಟ್ಯಾಂಕ ಇಂಜಿನ್ನಿನ ಸ್ವರೂಪವನ್ನು ಇಲ್ಲಿ ತಿಳಿಯಬೇಕು. ಸಾಮಾನ್ಯ ಇಂಜಿನ್ನು ತನ್ನ ನೀರನ್ನೂ ಕಲ್ಲಿದ್ದಲನ್ನೂ ಬೆನ್ನ ಹಿಂದಿನ ‘ಟೆಂಡರ’ ಎಂಬ ಬೇರೆ ಬಂಡಿಯಲ್ಲಿ ಎಳೆದೊಯ್ಯುವದು. ಟ್ಯಾಂಕ ಇಂಜಿನ್ನಾದರೋ, ಅವೆರಡನ್ನೂ ತನ್ನ ಮೈಮೇಲೆಯೇ ಹೊತ್ತಿರುವದು. ಇದರಿಂದ ಗುಣಗಳುಂಟು: ಹಿಂದು ಮುಂದಾಗಿ ಸಮಾನವಾಗಿ ಓಡಬಲ್ಲದಾದ್ದರಿಂದ ಅದನ್ನು ತಿರುಗಿಸುವ ಚಕ್ರವೇದಿಕೆ ಬೇಡ; ನೀರಿನ ಭಾರದ ಬಹುಭಾಗವು ಚಾಲಕಚಕ್ರಗಳ ಮೇಲೆ ಬೀಳುವದರಿಂದ ಹಿಡಿತವೂ ಹೆಚ್ಚು. ಪದೇ ಪದೇ ನಿಂತು ಹೊರಡುವ, ಸಮೀಪದ ಊರುಗಳ ನಡುವಣ ಪ್ರಯಾಣಿಕರ ಗಾಡಿಗಳಿಗೆ ಇದು ಉತ್ತಮ. 1925ರಲ್ಲಿ ವಿದ್ಯುತ್ತಿನ ಗಾಡಿ ಬರುವ ಮುನ್ನ ಮುಂಬಯಿಯ ಉಪನಗರಗಳ ಜನರನ್ನು ಸಾಗಿಸಿದ್ದು ಇಂಥ ಇಂಜಿನ್ನುಗಳೇ. ಆದರೆ ದೋಷವೂ ಅಲ್ಲಿಯೇ ಇದೆ. ಹೊತ್ತ ನೀರು ಸ್ವಲ್ಪ. ಅದು ಖರ್ಚಾದಂತೆ ಭಾರವೂ ಹಿಡಿತವೂ ಇಳಿಯುವವು.

ಈಗ ನಮ್ಮ ಸೀಮೆಯನ್ನು ನೋಡಬೇಕು. ಊರೂರಿಗೆ ಬಹು ಅಂತರ, ಮಳೆ ಕಡಿಮೆ, ಬೇಸಿಗೆಯಲ್ಲಿ ಬಾವಿಗಳು ಬತ್ತುವವು. ಇಂಥಲ್ಲಿ ದೂರದ ಗಾಡಿಯನ್ನು ಎಳೆಯುವ ಇಂಜಿನ್ನಿಗೆ ನೀರಿನ ಸಂಗ್ರಹವೇ ಪ್ರಾಣ. ಮುಂಬಯಿಯ ಉಪನಗರಕ್ಕೆ ಗುಣವಾದದ್ದು ಕೃಷ್ಣಾತೀರದ ಎರೆಸೀಮೆಗೆ ಕೊರತೆಯಾಗುವದು. ಸ್ವಾತಂತ್ರ್ಯಾನಂತರ ಈ ಹಾದಿಯಲ್ಲಿ ದುಡಿದ ‘ವಾಯ್ ಪಿ’ ಮತ್ತು ‘ವಾಯ್ ಜಿ’ ವರ್ಗಗಳು ಟೆಂಡರವುಳ್ಳವುಗಳೇ ಆಗಿದ್ದವು.

ಮಾದರಿಯಲ್ಲಿಯೇ ದೋಷವಿದ್ದರೆ ಏನಾಗುವದೆಂಬದಕ್ಕೂ ನಿದರ್ಶನವುಂಟು. 1937ನೆಯ ಇಸ್ವಿಯ ಜುಲೈ 17ರಂದು ಬಿಹಾರದ ಬಿಹಟಾ ಎಂಬಲ್ಲಿ ‘ಎಕ್ಸ್ ಬಿ’ ವರ್ಗದ ಇಂಜಿನ್ನು ಹಳಿ ತಪ್ಪಿ ನೂರಕ್ಕೂ ಹೆಚ್ಚು ಜನರು ಮಡಿದರು. ಆ ವರ್ಗವು ವೇಗದಲ್ಲಿ ಅತ್ತಿತ್ತ ಓಲಾಡಿ ಹಳಿಗಳನ್ನೇ ತಿರುಚುತ್ತಿತ್ತೆಂದು ಅನಂತರದ ವಿಚಾರಣೆಯಿಂದ ಹೊರಬಿದ್ದಿತು. ಒಂದೇ ಅಚ್ಚಿನ ಲಾಭವು ಎಲ್ಲರಿಗೂ ಹಂಚುವಂತೆ ಒಂದೇ ಅಚ್ಚಿನ ತಪ್ಪೂ ಎಲ್ಲೆಡೆಗೂ ಹಂಚುವದು.

ಇನ್ನೊಂದು ಸಂಗತಿ. ಇಂಜಿನ್ನುಗಳಲ್ಲಿ ಏಕರೂಪತೆಯನ್ನು ಸಾಧಿಸಿದವರು ಹಳಿಗಳಲ್ಲಿ ಅದನ್ನು ಸಾಧಿಸಲಿಲ್ಲ. ಹೊಟಗಿಯಲ್ಲಿ ನಮ್ಮ ಮೀಟರಗೇಜು ಮುಂಬಯಿ-ಮದ್ರಾಸುಗಳ ದೊಡ್ಡ ಹಳಿಯನ್ನು ಸಂಧಿಸುತ್ತಿತ್ತು. ಆ ದಾರಿಯಿಂದ ಬಂದ ಧಾನ್ಯದ ಚೀಲಗಳನ್ನೆಲ್ಲ ಅಲ್ಲಿ ಇಳಿಸಿ ಬೇರೆ ಡಬ್ಬಿಗಳಿಗೆ ಏರಿಸಬೇಕು. 1896-97 ಮತ್ತು 1899-1900ರ ಬರಗಳು ವಿಜಾಪುರ ಜಿಲ್ಹೆಯನ್ನು ಮತ್ತೆ ಪೀಡಿಸಿದಾಗ ಹಸಿದವನ ಅನ್ನವು ಈ ಹಳಿಗಳ ಸಂಧಿಯನ್ನು ದಾಟಿಯೇ ಬರಬೇಕಾಗಿತ್ತು. ಹಳಿಯಿಂದಾಚೆಯ ಹುನಗುಂದ ಇಳಕಲ್ಲುಗಳಿಗಾದರೋ ಅದು ಅಲ್ಲಿಂದ ಮುಂದೆ ಎತ್ತಿನ ಬಂಡಿಯಲ್ಲಿಯೇ ಸಾಗಬೇಕು. ರೇಶಿಮೆಯ ಸೆರಗನ್ನು ನೂಲಿನ ಒಡಲಿಗೆ ಕೊಂಡಿಯಿಂದ ಜೋಡಿಸುವ ಇಳಕಲ್ಲಿನ ನೇಕಾರನಿಗೆ ಈ ನ್ಯೂನತೆಯು ಚೆನ್ನಾಗಿ ತಿಳಿಯುವಂಥದು: ಎಳೆಗಳು ಎಷ್ಟು ಉತ್ತಮವಾದರೂ ಕೊಂಡಿಯು ಸಡಿಲಾದರೆ ಸೀರೆ ನಿಲ್ಲದು.

1908ರಲ್ಲಿ ಮದ್ರಾಸ ರೇಲ್ವೆಯೊಡನೆ ಕೂಡಿದ ಈ ಮಾರ್ಗವು 1951ರಲ್ಲಿ ದಕ್ಷಿಣ ರೇಲ್ವೆಗೆ ಸೇರಿತು. 2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೇಲ್ವೆಯ ಕೇಂದ್ರವಾಯಿತು. ಆ ದಶಕದಲ್ಲಿಯೇ ಗದಗ-ಹೊಟಗಿಯ ಹಾದಿಯು ದೊಡ್ಡ ಹಳಿಯಾಗಿ, ಹೊಟಗಿಯ ಹಳೆಯ ಅಡ್ಡಿಯು ನೂರಿಪ್ಪತ್ತು ವರ್ಷಗಳ ಮೇಲೆ ಅಳಿಯಿತು. ಅದಕ್ಕೂ ಮೊದಲೇ ಉಗಿಯು ಆರಿತ್ತು.

ವ್ಯಾಕರಣಶಾಸ್ತ್ರದಲ್ಲಿ ಉತ್ಸರ್ಗವೆಂದು ಸಾಮಾನ್ಯ ನಿಯಮ, ಅಪವಾದವೆಂದು ವಿಶೇಷ ನಿಯಮ. ಉತ್ಸರ್ಗವಿಲ್ಲದೆ ಶಾಸ್ತ್ರವೇ ಇಲ್ಲ. ಅಪವಾದವನ್ನು ಕಾಣದವನಿಗೆ ಶಬ್ದವು ಸಾಧಿಸದು. ಉಗಿಬಂಡಿಯ ಶಾಸ್ತ್ರವೂ ಇದಕ್ಕೆ ಹೊರತಲ್ಲ. ದೂರದ ಸಮಿತಿಗಳು ನಾಡಿಗೆಲ್ಲ ಒಂದು ಸೂತ್ರವನ್ನು ಬರೆಯುವದು ಅವಶ್ಯವೇ. ಬರೆಯುವಾಗ ಬಾಗಲಕೋಟೆಯ ಬತ್ತಿದ ಬಾವಿಯನ್ನೂ ಇಳಕಲ್ಲಿನ ಬಂಡಿದಾರಿಯನ್ನೂ ಎಣಿಕೆಯಲ್ಲಿ ಹಿಡಿಯುವದು ಅದಕ್ಕಿಂತಲೂ ಅವಶ್ಯ.